ನೆಲ-ಜಲ ಸಂರಕ್ಷಣೆಯ ಚಿತ್ರಕಲಾ ಸ್ಪರ್ಧೆ: ಬೀದರ್ ಜಿಲ್ಲೆಯ ಶಾಲೆಗಳು ಏರ್ಪಡಿಸುವ ಬಗೆ

ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ ಎಂಬ ವಿಷಯ ಕೊಟ್ಟು ಮಕ್ಕಳ ಮುಂದೆ ಡ್ರಾಯಿಂಗ್ ಶೀಟ್ ಇಟ್ಟರೆ ಯಾವ ಚಿತ್ರಗಳು ಬರುತ್ತವೆ ಎಂಬುದು ಚಿತ್ರಕಲಾ ಶಿಕ್ಷಕರೆಲ್ಲರಿಗೂ ಗೊತ್ತು. ಎರಡು ಕೈಗಳು ಎತ್ತಿ ಹಿಡಿದ ಭೂಗೋಳ, ಕಣ್ಣೀರು ಸುರಿಸುವ ಮರ, ತೊಟ್ಟಿಕ್ಕುವ ನಲ್ಲಿ ಇವಿಷ್ಟೇ ಮತ್ತೆ ಮತ್ತೆ ಕಾಣುತ್ತವೆ. ಇದು ಮಕ್ಕಳ ತಪ್ಪಲ್ಲ. ಅಷ್ಟು ದೊಡ್ಡ ವಿಷಯವನ್ನು ಅಷ್ಟು ಕಡಿಮೆ ಹೊತ್ತಿನಲ್ಲಿ ಬಿಡಿಸಬೇಕಾದಾಗ ಅವರು ಪಠ್ಯಪುಸ್ತಕದಲ್ಲೋ ಗೋಡೆಬರಹದಲ್ಲೋ ಕಂಡದ್ದನ್ನೇ ನೆನಪಿಸಿಕೊಳ್ಳುತ್ತಾರೆ. ಆದ್ದರಿಂದ ಸ್ಪರ್ಧೆಯ ಸಿದ್ಧತೆಯಲ್ಲಿ ಬಹುಮಾನಕ್ಕಿಂತಲೂ ವೇದಿಕೆಗಿಂತಲೂ ಮೊದಲು ಚಿಂತಿಸಬೇಕಾದದ್ದು ವಿಷಯವನ್ನು ಎಷ್ಟು ಚಿಕ್ಕದು ಮಾಡಬೇಕು ಎಂಬುದನ್ನು.

ಬೀದರಿನಲ್ಲಿ ವಿಷಯಕ್ಕೆ ಬರವಿಲ್ಲ. ಊರು ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಮಳೆಯ ನೀರು ರಂಧ್ರಮಯವಾದ ಈ ಕೆಂಪು ಕಲ್ಲಿನ ಮೂಲಕ ಕೆಳಗಿಳಿದು, ಅಡಿಯಲ್ಲಿರುವ ಗಟ್ಟಿ ಕಪ್ಪುಶಿಲೆಗೆ ತಾಗಿ ನಿಂತು, ಪ್ರಸ್ಥಭೂಮಿಯ ಅಂಚಿನಲ್ಲಿ ದಾರಿ ಸಿಕ್ಕಲ್ಲಿ ಒರತೆಯಾಗಿ ಹೊರಬರುತ್ತದೆ. ನಾನಕ್ ಝೀರಾದ ಒರತೆಯನ್ನೂ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ನಡೆದು ಹೋಗುವ ನೀರನ್ನೂ ನೋಡದ ಮಕ್ಕಳು ನಗರದಲ್ಲಿ ಕಡಿಮೆ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ನೆಲದಡಿಯ ಇದೇ ನೀರನ್ನು ಸುರಂಗ ಕೊರೆದು, ಏತವಾಗಲಿ ಕಪಿಲೆಯಾಗಲಿ ಇಲ್ಲದೆ ಬರಿಯ ಇಳಿಜಾರಿನ ಬಲದಿಂದ ಹರಿಸಿದ ಕರೇಜ್ (ಸುರಂಗ ಬಾವಿ) ವ್ಯವಸ್ಥೆಯನ್ನು ನೌಬಾದಿನಲ್ಲಿ ಇಂದಿಗೂ ಕಾಣಬಹುದು. ‘ನೀರು ಉಳಿಸಿ’ ಎಂಬ ವಿಷಯದ ಬದಲು ‘ಸುರಂಗ ಬಾವಿಗೆ ನೀರು ಎಲ್ಲಿಂದ ಬರುತ್ತದೆ?’ ಎಂದು ಕೇಳಿದರೆ ಮಗು ನೆಲದ ಮೇಲೆ ಮನೆ, ರಸ್ತೆಗಳನ್ನೂ ನೆಲದ ಕೆಳಗೆ ಕಲ್ಲು, ಸುರಂಗಗಳನ್ನೂ ಒಂದೇ ಹಾಳೆಯಲ್ಲಿ ಬಿಡಿಸಬೇಕಾಗುತ್ತದೆ. ಮೇಲೆ ಸಿಮೆಂಟು ಹಾಸಿದರೆ ಕೆಳಗೆ ಏನಾದೀತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಬಿದರಿ ಕಲೆಯ ಮಣ್ಣೂ ಒಳ್ಳೆಯ ವಿಷಯ. ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಕುಶಲಕರ್ಮಿಗಳು ನವಸಾಗರವೆಂಬ ಲವಣದೊಡನೆ ಬಳಸುವುದು ಹಳೆಯ ಕೋಟೆಯ ಮಣ್ಣನ್ನು, ಮತ್ತು ಆ ಮಣ್ಣು ಮುಗಿಯದ ರಾಶಿಯೇನಲ್ಲ. ಹಳ್ಳಿಯ ಶಾಲೆಯವರು ಇಷ್ಟು ದೂರ ಬರಬೇಕಿಲ್ಲ. ತಮ್ಮೂರಿನ ಕೆರೆಯ ಕೋಡಿ, ತೊಗರಿ ಹೊಲದ ಬದು, ಬತ್ತಿದ ಕೊಳವೆಬಾವಿ ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕು.

ಆರಿಸಿದ ಸ್ಥಳಕ್ಕೆ ಸ್ಪರ್ಧೆಗೆ ಒಂದೆರಡು ದಿನ ಮುಂಚೆ ಮಕ್ಕಳನ್ನು ಕರೆದೊಯ್ಯಿರಿ. ಬಣ್ಣ ಬೇಡ; ಒಂದು ಪೆನ್ಸಿಲ್, ಒಂದು ನೋಟ್‌ಬುಕ್ ಇರಲಿ. ಅಲ್ಲಿನ ಹಿರಿಯ ರೈತರೊಬ್ಬರು ಮಾತಾಡಿದರೆ ಶಿಕ್ಷಕರ ಭಾಷಣಕ್ಕಿಂತ ಹೆಚ್ಚು ಉಪಯೋಗ. ಕರೇಜ್‌ನ ಗಾಳಿಬಾವಿಗಳು, ಅಂದರೆ ಮೇಲಿನಿಂದ ಸುರಂಗಕ್ಕೆ ತೋಡಿದ ಬಾವಿಗಳು, ಆಳವಾಗಿರುವುದರಿಂದ ಅವುಗಳ ಅಂಚಿಗೆ ಯಾರನ್ನೂ ಬಿಡಬಾರದು. ಪಾಲಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಮುಖ್ಯಗುರುಗಳ ಅನುಮತಿಯೊಂದಿಗೇ ಹೊರಡಬೇಕು.

ದಿನ ನಿಗದಿಪಡಿಸುವಾಗ ಡಿಸೆಂಬರ್ ತಿಂಗಳ ಮೊದಲ ಹದಿನೈದು ದಿನಗಳು ನಮ್ಮ ಭಾಗಕ್ಕೆ ಹೆಚ್ಚು ಸೂಕ್ತ: ಬಿಸಿಲು ಕಡಿಮೆ, ವಾರ್ಷಿಕ ಪರೀಕ್ಷೆ ದೂರ. ಡಿಸೆಂಬರ್ 5 ವಿಶ್ವ ಮಣ್ಣಿನ ದಿನ, ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2005ರಿಂದ ಶಾಲಾ ಮಕ್ಕಳಿಗಾಗಿ ಇಂಧನ ಸಂರಕ್ಷಣೆಯ ಚಿತ್ರಕಲಾ ಸ್ಪರ್ಧೆಯನ್ನು ಶಾಲಾ, ರಾಜ್ಯ ಮತ್ತು ರಾಷ್ಟ್ರ ಮಟ್ಟಗಳಲ್ಲಿ ನಡೆಸುತ್ತ ಬಂದಿದೆ. ಶಾಲೆಯಲ್ಲಿ ಇಂಥ ಅಭ್ಯಾಸವಾದ ಮಕ್ಕಳಿಗೆ ಅಂಥ ಸ್ಪರ್ಧೆಗಳೂ ಸುಲಭವಾಗುತ್ತವೆ.

ಬಣ್ಣದ ಮಾತಿಗೆ ಬಂದರೆ, ಎಲ್ಲರೂ ಪೆಟ್ಟಿಗೆಯ ಬಣ್ಣ ತರಲಿ ಎಂದು ಸೂಚಿಸಿದಾಗ ದುಬಾರಿ ಪೆಟ್ಟಿಗೆ ತಂದವರಿಗೂ ಎರಡು ಬಳಪ ತಂದವರಿಗೂ ನಡುವೆ ಅಂತರ ಉಂಟಾಗುತ್ತದೆ. ನೆಲದ ಮಣ್ಣಿನಿಂದಲೇ ಬಣ್ಣ ಮಾಡಿಸಿದರೆ ಆ ಅಂತರ ಅಳಿಯುತ್ತದೆ, ಜೊತೆಗೆ ಸಂಪನ್ಮೂಲ ಎಂದರೇನು ಎಂಬುದು ಕೈಗೇ ಅಂಟಿಕೊಳ್ಳುತ್ತದೆ. ಕೆಂಪು ಮಣ್ಣು ಮತ್ತು ಎರೆಮಣ್ಣನ್ನು ಬೇರೆ ಬೇರೆಯಾಗಿ ಒಣಗಿಸಿ ಕುಟ್ಟಿ, ನೀರಿನಲ್ಲಿ ಕಲಕಿ ಒಂದು ನಿಮಿಷ ಬಿಡಬೇಕು. ಮರಳು ತಳಕ್ಕೆ ಕೂರುತ್ತದೆ. ಮೇಲಿನ ರಾಡಿ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಂಡು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತಿಳಿನೀರನ್ನು ಚೆಲ್ಲಿದರೆ ಬೆಣ್ಣೆಯಂಥ ಮಣ್ಣು ಉಳಿಯುತ್ತದೆ. ಜಾಲಿಯ ಗೋಂದನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿ, ಸ್ವಲ್ಪಸ್ವಲ್ಪವಾಗಿ ಇದಕ್ಕೆ ಬೆರೆಸಬೇಕು. ಹಾಳೆಯ ಚೂರಿನ ಮೇಲೆ ಬಳಿದು ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ: ಪುಡಿ ಕೈಗೆ ಬಂದರೆ ಗೋಂದು ಸಾಲದು, ಹೊಳೆದು ಚಕ್ಕೆ ಏಳುವಂತಿದ್ದರೆ ಹೆಚ್ಚಾಗಿದೆ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣು ಹಾಳೆಯ ಮೇಲೂ ತನ್ನ ಗುಣ ಬಿಡುವುದಿಲ್ಲವಾದ್ದರಿಂದ ಅದನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಅದು ಹಸಿಯಾಗಿದ್ದಾಗ ಕಪ್ಪು, ಒಣಗಿದಾಗ ಬೂದು. ಗಾಢ ಕಪ್ಪು ಬೇಕಿದ್ದರೆ ಇದ್ದಿಲ ಪುಡಿ ಸೇರಿಸಬೇಕು. ಅರಿಶಿನದ ಹಳದಿ ಚೆಂದವಾದರೂ ಬಿಸಿಲಿಗೆ ಬಹುಬೇಗ ಮಾಸುತ್ತದೆ. ಹಸಿರು ಮತ್ತು ನೀಲಿಗೆ ಅಂಗಡಿಯ ಬಣ್ಣವನ್ನೇ ಶಾಲೆಯಿಂದ ಎಲ್ಲರಿಗೂ ಸಮನಾಗಿ ಕೊಡುವುದು ವಾಸಿ.

ಸ್ಪರ್ಧೆಯನ್ನು ಶಾಲೆಯಲ್ಲಿಯೇ, ಶಿಕ್ಷಕರ ಎದುರಿನಲ್ಲಿಯೇ ನಡೆಸಬೇಕು. ಮನೆಯಿಂದ ಬರುವ ಚಿತ್ರಗಳಲ್ಲಿ ಅಣ್ಣ, ಅಕ್ಕ, ಟ್ಯೂಷನ್ ಸರ್ ಎಲ್ಲರ ಕೈವಾಡವೂ ಸೇರಿರುತ್ತದೆ. ಮಣ್ಣಿನ ಬಣ್ಣ ಒಣಗಲು ಹೊತ್ತು ಬೇಕಾಗುವುದರಿಂದ ಮೂರು ಗಂಟೆ ಕೊಡಿ. ನಮ್ಮ ಜಿಲ್ಲೆಯಲ್ಲಿ ಕನ್ನಡದೊಂದಿಗೆ ಉರ್ದು, ಮರಾಠಿ ಮಾಧ್ಯಮದ ಮಕ್ಕಳೂ ಇರುವುದರಿಂದ ಕ್ಲಸ್ಟರ್ ಮಟ್ಟದ ಸ್ಪರ್ಧೆಯಾದರೆ ಸೂಚನಾಪತ್ರ ಮೂರೂ ಭಾಷೆಗಳಲ್ಲಿರಲಿ. ಚಿತ್ರದ ಮೇಲೆ ಬರಹಕ್ಕೆ ಅವಕಾಶ ಕೊಡುವುದಾದರೆ ಒಂದು ಸಾಲಿಗೆ ಮಿತಿಗೊಳಿಸಿ. ಇಲ್ಲವಾದರೆ ಘೋಷಣೆಯೇ ಚಿತ್ರವಾಗಿಬಿಡುತ್ತದೆ. ಸಂರಕ್ಷಣೆಯ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಬ್ಯಾನರ್ ಕಟ್ಟುವುದು ನೋಡುವವರಿಗೆ ನಗೆ ತರಿಸುವ ಸಂಗತಿ. ಬಟ್ಟೆಯ ಮೇಲೆ ಅದೇ ಮಣ್ಣಿನ ಬಣ್ಣದಲ್ಲಿ ಬರೆಸಿ.

ತೀರ್ಪುಗಾರರಲ್ಲಿ ಒಬ್ಬರು ಚಿತ್ರಕಲೆ ಬಲ್ಲವರೂ ಇನ್ನೊಬ್ಬರು ಆ ನೀರು ಅಥವಾ ಮಣ್ಣನ್ನು ಬಲ್ಲವರೂ ಆಗಿರಲಿ. ಹಾಳೆಯ ಹಿಂಬದಿಯಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಮಾತ್ರ ಇರಬೇಕು. ನೂರು ಅಂಕಗಳಲ್ಲಿ ನಲವತ್ತನ್ನು ಮಗು ಕಣ್ಣಾರೆ ಕಂಡದ್ದು ಚಿತ್ರದಲ್ಲಿದೆಯೇ ಎಂಬುದಕ್ಕೆ, ಮೂವತ್ತನ್ನು ವಿಚಾರಕ್ಕೆ, ಉಳಿದದ್ದನ್ನು ರಚನೆ ಹಾಗೂ ಬಣ್ಣಗಾರಿಕೆಗೆ ಹಂಚುವುದು ನನ್ನ ಸಲಹೆ. ಗೆರೆ ನೇರವಾಗಿದೆ, ಬಣ್ಣ ಹೊರಚೆಲ್ಲಿಲ್ಲ ಎಂಬ ಕಾರಣಕ್ಕೇ ಮೊದಲ ಬಹುಮಾನ ಕೊಡುವ ರೂಢಿಯನ್ನು ಬಿಡಬೇಕು. ಕೊನೆಯ ಸುತ್ತಿಗೆ ಬಂದ ಮಕ್ಕಳನ್ನು ಕರೆದು ‘ಇದು ಯಾವ ಜಾಗ, ಇಲ್ಲಿ ನೀರು ಯಾಕೆ ಕಡಿಮೆಯಾಯಿತು?’ ಎಂದು ಕೇಳಿದರೆ ನಕಲು ಚಿತ್ರ ಯಾವುದೆಂಬುದು ಬೇರೆ ಪರೀಕ್ಷೆಯಿಲ್ಲದೆ ತಿಳಿಯುತ್ತದೆ.

ಬಹುಮಾನ ಪುಸ್ತಕವೋ ಬಣ್ಣವೋ ಆದರೆ ಆಯಿತು. ಗೆದ್ದ ಚಿತ್ರಗಳನ್ನು ಮಾತ್ರವಲ್ಲದೆ ಎಲ್ಲ ಚಿತ್ರಗಳನ್ನೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೋ ಸಂತೆಯ ದಿನ ಶಾಲೆಯ ಅಂಗಳದಲ್ಲೋ ತೂಗುಹಾಕಿ, ಪ್ರತಿ ಚಿತ್ರದ ಕೆಳಗೆ ಸ್ಥಳದ ಹೆಸರು ಬರೆಯಿರಿ. ಪ್ರದರ್ಶನ ಮುಗಿದ ಮೇಲೆ ಮಣ್ಣಿನ ಬಣ್ಣದ ಹಾಳೆಗಳನ್ನು ಸುರುಳಿ ಸುತ್ತಬೇಡಿ, ಬಣ್ಣ ಉದುರುತ್ತದೆ. ನಡುನಡುವೆ ಹಳೆಯ ಪತ್ರಿಕೆ ಇಟ್ಟು, ಮಟ್ಟಸವಾಗಿ ಜೋಡಿಸಿ, ತೇವವಿಲ್ಲದ ಕಪಾಟಿನಲ್ಲಿಡಿ.