ಡ್ರೋನ್ ಸುಡೋ ಲೇಸರನ್ನು ಟ್ರಕ್ಕಿಗೆ ಹತ್ತಿಸೋದು ಹೇಗೆ?

ಮೊದಲು ಕರೆಂಟಿನ ಲೆಕ್ಕ ಹಾಕಿ. 2025ರ ಏಪ್ರಿಲ್‌ನಲ್ಲಿ ಡಿಆರ್‌ಡಿಒ ಕರ್ನೂಲಿನಲ್ಲಿ ಪರೀಕ್ಷಿಸಿದ, ವಾಹನದ ಮೇಲಿನ ಲೇಸರ್ 30 ಕಿಲೋವ್ಯಾಟಿನದು. ಗಾಜಿನ ಎಳೆಯೊಳಗೆ ಕಿರಣ ಹುಟ್ಟಿಸೋ ಫೈಬರ್ ಲೇಸರ್ ನುಂಗುವ ಕರೆಂಟಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಬೆಳಕಾಗುತ್ತದೆ, ಅಂದ್ರೆ 90 ಕಿಲೋವ್ಯಾಟ್ ಕೊಟ್ಟರೆ 60 ಬರೀ ಬಿಸಿ. ಹಾಗಂತ ದೈತ್ಯ ಜನರೇಟರ್ ಹೊರಬೇಡಿ. ಹೊಡೆತ ಕೆಲವೇ ಸೆಕೆಂಡಿನದು ಅಲ್ವಾ, ಅದಕ್ಕೆ ಬ್ಯಾಟರಿ ಇಡಿ, ಚಿಕ್ಕ ಜನರೇಟರ್ ನಡುನಡುವೆ ಚಾರ್ಜ್ ಮಾಡಲಿ.

ಆ ಬಿಸಿ ಹೊರಹಾಕಿ ಲೇಸರನ್ನು ತಂಪಾಗಿಡೋ ಚಿಲ್ಲರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಪುಣೆಯ ಭೋಸರಿಯಲ್ಲಿರೋ ನಮ್ಮ ವರ್ಕ್‌ಶಾಪಿನಲ್ಲಿ ಮೇ ತಿಂಗಳ ಮಧ್ಯಾಹ್ನ, ತಗಡು ಕತ್ತರಿಸೋ ಪುಟ್ಟ ಲೇಸರೇ ಅಲಾರಂ ಹೊಡೆದು ನಿಂತುಬಿಡುತ್ತದೆ!

ಕಿರಣವನ್ನು ಗುರಿಯತ್ತ ತಿರುಗಿಸೋ ಕನ್ನಡಿಗಳಿಗೆ ಅದುರು ತಡೆಯೋ ರಬ್ಬರ್ ಮೌಂಟ್ ಹಾಕಿ, ಟ್ರಕ್ ನಿಂತ ಮೇಲೆ ಜ್ಯಾಕ್ ಇಳಿಸಿ, ಗುರಿ ಮತ್ತೆ ಹೊಂದಿಸಿ. ಮಳೆ, ಮಂಜಿನಲ್ಲಿ ಕಿರಣ ಸೊರಗುತ್ತದೆ, ಅದಕ್ಕೇ ಪಕ್ಕದಲ್ಲಿ ಡ್ರೋನಿನ ರೇಡಿಯೋ ಸಂಪರ್ಕ ಕೆಡಿಸೋ ಜ್ಯಾಮರ್, ಗನ್ ಇರಲಿ.