ಚರಂಡಿಯಲ್ಲಿ ಗಾಜ್ ಬಟ್ಟೆ ಇಳಿಬಿಟ್ಟು ಕಾಲರಾ ಹಿಡಿದ ಬಗೆ

ಚರಂಡಿ ನೀರಲ್ಲಿ ಕಾಲರಾ ಸಿಗುವುದಿಲ್ಲ, ರೋಗಿಯ ಮಲವೇ ಬೇಕು ಎಂದವರೇ ಹೆಚ್ಚು. ಬಾಟಲಿಯಲ್ಲಿ ತುಂಬಿ ತಂದರೆ ಸಿಗುವುದು ಅಪರೂಪ, ಒಪ್ಪುತ್ತೇನೆ. ಅದ್ದಿದ ಗಳಿಗೆಯಲ್ಲಿ ಹರಿದದ್ದಷ್ಟೇ ಬಾಟಲಿಯೊಳಗೆ ಇರುತ್ತದೆ. ಎರಡು ದಿನ ಹರಿವಿನಲ್ಲೇ ನೇತಾಡಿದ ಬಟ್ಟೆಗೆ ಕಾಲರಾ ರೋಗಾಣು ಸಿಕ್ಕಿತು. 1948ರಲ್ಲಿ ಇಂಗ್ಲೆಂಡಿನ ಬ್ರೆಂಡನ್ ಮೂರ್ ಪ್ಯಾರಾಟೈಫಾಯ್ಡ್ ವಾಹಕರನ್ನು (ಕಾಯಿಲೆ ಕಾಣದಿದ್ದರೂ ರೋಗಾಣು ಹೊತ್ತವರನ್ನು) ಹುಡುಕಲು ಬಳಸಿದ ಸ್ವಾಬ್, ಅಂದರೆ ಮಾದರಿ ಹೀರುವ ಬಟ್ಟೆ, ಇದೇ.

ಸುಮಾರು 120 ಸೆಂಟಿಮೀಟರ್ ಉದ್ದ, ಗೇಣಗಲದ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ), ಎಂಟು ಮಡಿಕೆ, ನಡುವಿಗೆ ಗಾಳದ ನೈಲಾನ್ ದಾರ. ತಂತಿ ಕಟ್ಟಿದರೆ ಗುಜರಿಗೆ ಹೋಗುತ್ತದೆ. ತಳ ಮುಟ್ಟಿದರೆ ಹೂಳು ಹೀರಿ ಕೂರುತ್ತದೆ, ಹಾಗಾಗಿ ನಾಲ್ಕು ಬೆರಳು ಮೇಲಿರಲಿ. ಪ್ಲಾಸ್ಟಿಕ್ ಕವರು ಸುತ್ತಿಕೊಳ್ಳುವುದೇ ದೊಡ್ಡ ಕಾಟ. ಅದಕ್ಕೆ ಕಂಡುಕೊಂಡ ತಡೆಯನ್ನು ಸದ್ಯಕ್ಕೆ ಬರೆಯುವುದಿಲ್ಲ, ಬಂದರೆ ತೋರಿಸುತ್ತೇನೆ. ಬನಿಯನ್ ವೇಸ್ಟ್ ಕಟ್ಟಿಯೂ ನೋಡಿದೆ. ಅಗ್ಗ, ಆದರೆ ಮುದ್ದೆಯಾಗಿ ಒಳಗೆ ನೀರೇ ಹೋಗುವುದಿಲ್ಲ.

ಹೆಚ್ಚಿನ ಸ್ವಾಬ್ ಕೆಟ್ಟದ್ದು ಎರಡು ಕಾರಣಕ್ಕೆ. ಒಂದು, ರೋಗಾಣುವನ್ನೇ ಕೊಲ್ಲುವ ಬ್ಲೀಚಿಂಗ್ ಪೌಡರ್. ಅದನ್ನು ಸುರಿಯುವ ದಿನ ಮೊದಲೇ ಗೊತ್ತಿರಬೇಕು. ಇನ್ನೊಂದು, ಐಸ್ ಬಾಕ್ಸ್. ನೀರಿಗೆ ಮಲ ಸೇರಿದೆಯೇ ಎಂದು ನೋಡುವ ಕೋಲಿಫಾರ್ಮ್ ಪರೀಕ್ಷೆಗೆ ಐಸ್ ಸರಿ, ವಿಬ್ರಿಯೋಗೆ, ಅಂದರೆ ಕಾಲರಾ ಬ್ಯಾಕ್ಟೀರಿಯಾಕ್ಕೆ, ಬೇಡ. ತಣ್ಣಗಾದರೆ ಲ್ಯಾಬಿನ ಪ್ಲೇಟಿನ ಮೇಲೆ ಬೆಳೆದು ಏಳುವುದು ಕಷ್ಟ. ಸ್ಥಳದಲ್ಲೇ ಪಿಎಚ್ 8.5ರ ಕ್ಷಾರೀಯ ಪೆಪ್ಟೋನ್ ನೀರಿಗೆ (ವಿಬ್ರಿಯೋ ಬೆಳೆಸುವ ದ್ರವ) ಹಾಕಿ, 37 ಡಿಗ್ರಿಯಲ್ಲಿ ಆರರಿಂದ ಎಂಟು ಗಂಟೆ ಇಡಿ. ರಾತ್ರಿಯಿಡೀ ಬಿಟ್ಟರೆ ಬೇರೆ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತವೆ. ಆ ಗಂಟೆಗಳು ಸಂಜೆಯೊಳಗೆ ಮುಗಿಯಲೆಂದೇ ಸ್ವಾಬನ್ನು ಬೆಳಿಗ್ಗೆ ಎಂಟರೊಳಗೆ ಎತ್ತುವುದು. ಬಾಟಲಿ ಅಲ್ಲಾಡಿಸದೆ ಮೇಲಿನ ಪೊರೆಯಿಂದಲೇ ಲೂಪ್ (ತಂತಿ ಉಂಗುರ) ತುಂಬಿ ಟಿಸಿಬಿಎಸ್ ಮೇಲೆ, ಅಂದರೆ ವಿಬ್ರಿಯೋಗೆಂದೇ ಇರುವ ಅಗಾರ್ ಪ್ಲೇಟಿನ ಮೇಲೆ, ಎಳೆಯಿರಿ.

ಅದರ ಮೇಲೆ ಹಳದಿ ಚುಕ್ಕೆ ಕಂಡ ಕೂಡಲೇ ಕಾಲರಾ ಎಂದು ಹಿಗ್ಗಬೇಡಿ. ಸಾದಾ ನ್ಯೂಟ್ರಿಯಂಟ್ ಅಗಾರ್‌ಗೆ ದಾಟಿಸಿದ ಮೇಲೆಯೇ ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆ. ಟಿಸಿಬಿಎಸ್ ಮೇಲಿಂದ ನೇರ ಮಾಡಿದರೆ ಸುಳ್ಳು ನೆಗೆಟಿವ್ ಬರುತ್ತದೆ. ಆಮೇಲೆ ಸ್ಟ್ರಿಂಗ್ ಟೆಸ್ಟ್ (ಲೂಪ್ ಎತ್ತಿದರೆ ದಾರದಂತೆ ಎಳೆ ಬರುತ್ತದೆಯೇ ಎಂದು ನೋಡುವುದು), ಕೊನೆಗೆ ಕಾಲರಾದ ಓ1 ಬಗೆಯನ್ನು ಗುರುತಿಸುವ ಓ1 ಆಂಟಿಸೀರಂ, ಹೋಲಿಕೆಗೆ ಪಕ್ಕದಲ್ಲಿ ಬರೀ ಉಪ್ಪುನೀರಿನ ಸಲೈನ್ ಕಂಟ್ರೋಲ್. ಸ್ವಾಬಿಗೆ ಇಪ್ಪತ್ತು ಮೂವತ್ತು ರೂಪಾಯಿ ಬಿದ್ದಿರಬಹುದು. ದುಡ್ಡು ತಿನ್ನುವುದು ಆಂಟಿಸೀರಂ. ಅನುದಾನಕ್ಕೆ ಕಾದು ಕೂತಿದ್ದರೆ ಮಳೆಗಾಲವೇ ಮುಗಿಯುತ್ತಿತ್ತು, ಮೊದಲ ವಯಲ್ ಕೈಯಿಂದಲೇ ತರಿಸಿದೆ.

ಮುಖ್ಯ ಚರಂಡಿಯಲ್ಲಿ ಓ1ರ ಒಗಾವಾ ಎಂಬ ಉಪಬಗೆ ಬಂತು. ಕವಲು ಕವಲಿಗೆ ಸ್ವಾಬ್ ಕಟ್ಟುತ್ತಾ ಮೇಲೆ ಹೋದರೆ ಎರಡು ಓಣಿಗೆ ಬಂದು ನಿಂತಿತು. ಅಲ್ಲಿ ನಲ್ಲಿಯ ಪೈಪು ಚರಂಡಿಯೊಳಗಿಂದಲೇ ಹಾದಿತ್ತು, ನಲ್ಲಿ ನೀರಲ್ಲಿ ಉಳಿಕೆ ಕ್ಲೋರಿನ್ ಸೊನ್ನೆ, ಮಲ ಸೇರಿದ್ದರೆ ಕಪ್ಪಾಗುವ ಎಚ್‌ಟುಎಸ್ ಬಾಟಲಿ ಮರುದಿನಕ್ಕೇ ಕಪ್ಪು. ಆ ವಾರ ಸರ್ಕಾರದ ರೋಗ ವರದಿಯ ಐಎಚ್‌ಐಪಿ ಪೋರ್ಟಲ್‌ನಲ್ಲಿ ಆ ವಾರ್ಡಿನ ಭೇದಿ ಸಂಖ್ಯೆ ಮಾಮೂಲಿಯಷ್ಟೇ ಇತ್ತು.

ಟೈಫಾಯ್ಡಿಗೂ ಇದೇ ಸ್ವಾಬನ್ನು ಸೆಲೆನೈಟ್ ಬ್ರಾತ್‌ಗೆ (ಸಾಲ್ಮೊನೆಲ್ಲಾ ಬೆಳೆಸುವ ದ್ರವ) ಹಾಕಿ ನೋಡುತ್ತಿದ್ದೇನೆ. ಬೇರೆ ಸಾಲ್ಮೊನೆಲ್ಲಾ ಬರುತ್ತವೆ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಇನ್ನೂ ಸಿಕ್ಕಿಲ್ಲ.