ಮಣ್ಣು ಪರೀಕ್ಷೆ: ಮಾದರಿ ತೆಗೆಯುವುದರಿಂದ ಗೊಬ್ಬರದ ಲೆಕ್ಕದವರೆಗೆ

ಒಂದು ಎಕರೆ ಹೊಲದ ಒಂದಡಿ ಮಣ್ಣೇ ಲಕ್ಷಾಂತರ ಕಿಲೋ ತೂಗುತ್ತದೆ. ಪ್ರಯೋಗಾಲಯಕ್ಕೆ ಹೋಗುವುದು ಅದರಲ್ಲಿ ಅರ್ಧ ಕಿಲೋ ಮಾತ್ರ. ಆ ಅರ್ಧ ಕಿಲೋ ಇಡೀ ಹೊಲದ ಮಣ್ಣನ್ನು ಹೋಲದಿದ್ದರೆ ಪರೀಕ್ಷೆಯ ಫಲಿತಾಂಶ ಬರೆದು ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬರುವ ಅಂಕಿಗಳಿಗೆ ಬೆಲೆಯಿಲ್ಲ.

ಬೆಳೆ ಕೊಯ್ದ ಮೇಲೆ, ಮುಂದಿನ ಗೊಬ್ಬರ ಹಾಕುವ ಮೊದಲು ಮಾದರಿ ತೆಗೆಯಿರಿ. ಮಣ್ಣಿನ ಬಣ್ಣ, ಇಳಿಜಾರು ಅಥವಾ ಬೆಳೆ ಬೇರೆಯಾದ ಕಡೆ ಮಾದರಿಯೂ ಬೇರೆ. ಕೆಂಪು ಮಣ್ಣಿನ ದಿನ್ನೆಯನ್ನೂ ತಗ್ಗಿನ ಗದ್ದೆಯನ್ನೂ ಬೆರೆಸಿದರೆ ಫಲಿತಾಂಶ ಎರಡಕ್ಕೂ ಹೊಂದುವುದಿಲ್ಲ. ಬದು, ಕಾಲುವೆ, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು ಅಂಕುಡೊಂಕಾಗಿ ನಡೆಯುತ್ತ ಹತ್ತು-ಹದಿನೈದು ಕಡೆ ಅಗೆಯಿರಿ.

ಮೊದಲು ಕಸಕಡ್ಡಿ ಸರಿಸಿ. ಇಂಗ್ಲಿಷಿನ ‘ವಿ’ ಅಕ್ಷರದಂತೆ ಆರು ಅಂಗುಲ ಆಳದ ಗುಂಡಿ ತೋಡಿ, ಅದರ ಒಂದು ಗೋಡೆಯಿಂದ ಮೇಲಿನಿಂದ ಕೆಳತನಕ ಒಂದಂಗುಲ ದಪ್ಪದ ಮಣ್ಣು ಕೆರೆದುಕೊಳ್ಳಿ. ತೆಂಗು, ಅಡಿಕೆ ತೋಟವಾದರೆ ಒಂದಡಿ ಮತ್ತು ಎರಡಡಿ ಆಳದ ಮಣ್ಣನ್ನು ಬೇರೆ ಬೇರೆ ಇಡಿ. ಪ್ಲಾಸ್ಟಿಕ್ ಬಕೆಟ್ಟೇ ಬಳಸಿ. ಸತುವಿನ ಲೇಪವಿರುವ ತಗಡಿನ ಬಕೆಟ್‌ನಿಂದ ಸತುವಿನ ಅಂಕಿ ಕೆಡುತ್ತದೆ.

ಹೆಂಟೆ ಒಡೆದು, ಬೆರೆಸಿ, ರಾಶಿ ಹರಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಬೆರೆಸಿ. ಅರ್ಧ ಕಿಲೋಗೆ ಇಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ ಹೊಸ ಚೀಲಕ್ಕೆ ತುಂಬಿ. ಯೂರಿಯಾ ಚೀಲ ಎಷ್ಟು ಕೊಡವಿದರೂ ಬೇಡ. ಹೆಸರು, ಊರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ, ನೀರಾವರಿಯೋ ಮಳೆಯಾಶ್ರಿತವೋ ಬರೆದ ಚೀಟಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ.

ಕಾರ್ಡಿನಲ್ಲಿ 12 ಅಂಶಗಳಿರುತ್ತವೆ. ಮೊದಲು ಸಾವಯವ ಇಂಗಾಲ ನೋಡಿ. ಅದು ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದತ್ತ ಮನಸ್ಸು ಕೊಡಲೇಬೇಕು. ರಸಸಾರ (ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ) 6.5ರಿಂದ 7.5ರ ಒಳಗಿದ್ದರೆ ಹೆಚ್ಚಿನ ಬೆಳೆಗಳಿಗೆ ಚಿಂತೆಯಿಲ್ಲ.

ಹೆಚ್ಚು ಜನ ಎಡವುವುದು ಗೊಬ್ಬರದ ಲೆಕ್ಕದಲ್ಲಿ. ಶಿಫಾರಸು ಹೆಕ್ಟೇರಿಗೆ ಇರುತ್ತದೆ, ನಮ್ಮ ಲೆಕ್ಕ ಎಕರೆಯದು. ಹೆಕ್ಟೇರಿನ ಪ್ರಮಾಣವನ್ನೇ ಎಕರೆಗೆ ಸುರಿದರೆ ಎರಡೂವರೆ ಪಟ್ಟು ಹೆಚ್ಚಾಯಿತು. ಇನ್ನೊಂದು ತಪ್ಪೆಂದರೆ 40 ಕಿಲೋ ರಂಜಕವನ್ನು 40 ಕಿಲೋ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಎಂದು ಓದುವುದು.

ಮಳೆಯಾಶ್ರಿತ ರಾಗಿಯನ್ನೇ ನೋಡಿ. ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 50:40:37.5 ಕಿಲೋ. ಎರಡೂವರೆಯಿಂದ ಭಾಗಿಸಿದರೆ ಎಕರೆಗೆ 20:16:15. ಡಿಎಪಿಯಲ್ಲಿ ರಂಜಕ ಶೇ. 46, ಆದ್ದರಿಂದ 16 ಕಿಲೋಗೆ 35 ಕಿಲೋ ಡಿಎಪಿ ಬೇಕು. ಅದರಲ್ಲೇ ಸುಮಾರು 6 ಕಿಲೋ ಸಾರಜನಕ ಬಂತು; ಇದನ್ನು ಕಳೆಯಲು ಮರೆಯಬೇಡಿ. ಉಳಿದ 14 ಕಿಲೋಗೆ 30 ಕಿಲೋ ಯೂರಿಯಾ, 15 ಕಿಲೋ ಪೊಟ್ಯಾಷ್‌ಗೆ 25 ಕಿಲೋ ಎಂಒಪಿ (ಪೊಟ್ಯಾಷ್ ಗೊಬ್ಬರ). ಯೂರಿಯಾದಲ್ಲಿ 8 ಕಿಲೋ ಬಿತ್ತನೆಗೆ, 22 ಕಿಲೋ ತಿಂಗಳ ಮೇಲೆ, ನೆಲದಲ್ಲಿ ತೇವವಿದ್ದಾಗ ಮೇಲುಗೊಬ್ಬರವಾಗಿ ಕೊಡಿ. ಒಣ ನೆಲಕ್ಕೆ ಎರಚಿದರೆ ಅದು ಗಾಳಿಪಾಲು.

ಲೆಕ್ಕ ಹೊಂದದಿದ್ದರೆ ಕಾರ್ಡ್ ಕೈಯಲ್ಲಿ ಹಿಡಿದು ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಕೇಳಬಹುದು. ಹಳೆಯ ಕಾರ್ಡನ್ನು ಎಸೆಯಬೇಡಿ. ಮುಂದಿನ ಪರೀಕ್ಷೆಯ ಇಂಗಾಲದ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.